ತಾಯಿ: ಮೇಲಿನವಳು

ಫೆಬ್ರವರಿ 4

ಪಿಟೀಲೇ,

ಈ ಕಾಗದವನ್ನು ಕೂತುಕೊಂಡು ಓದು. ನಿಂತು ಓದಿದರೆ ನಗುತ್ತಾ ಬಿದ್ದು ಸೊಂಟ ಮುರಿದುಕೊಳ್ಳುತ್ತೀಯ, ಆಮೇಲೆ ಅದೂ ನನ್ನ ತಲೆಗೇ ಬರುತ್ತದೆ.

ಮೊದಲು ಸುದ್ದಿ. ನಮ್ಮ ಮಕ್ಕಳಮನೆ ಮುಚ್ಚುವುದು ಖಾಯಂ ಆಯಿತು. ಉಳಿದಿದ್ದ ಮೂರು ಮಕ್ಕಳನ್ನೂ ಹೋದ ತಿಂಗಳು ಬೇರೆ ಅನಾಥಾಲಯಕ್ಕೆ ಕಳಿಸಿದರು. ಏಪ್ರಿಲ್ ಕೊನೆಗೆ ಕಟ್ಟಡ ಯಾವುದೋ ಶಾಲೆಯವರ ಕೈಗೆ ಹೋಗುತ್ತದೆ. ನೀನು ಅಳಬೇಡ, ನಾನೂ ಅತ್ತಿಲ್ಲ. ನಲವತ್ತನಾಲ್ಕು ವರ್ಷ ಮಹಡಿಯ ಮೇಲಿನ ಬಟ್ಟೆ ಕೋಣೆಯಲ್ಲಿ ಇಸ್ತ್ರಿಯ ಹಬೆ ಕುಡಿದಿದ್ದೇನೆ, ಸಾಕು.

ನನಗೆ ಜಾಗ ಸಿಕ್ಕಿದೆ ಕಣೇ. ಚರ್ಚಿನ ಸಭೆಯವರು ನಡೆಸುವ ಒಂಟಿ ಹೆಂಗಸರ ನಿಲಯ. ನಮ್ಮ ಹಳೇ ಅಡುಗೆಯವಳು ಎರಡು ವರ್ಷದಿಂದ ಅಲ್ಲೇ ಇದ್ದಾಳಲ್ಲ, ಅವಳ ಪಕ್ಕದ ಕೋಣೆ. ಹೋಗಿ ನೋಡಿ ಬಂದೆ. ಪೂರ್ವಕ್ಕೆ ಕಿಟಕಿ, ಗೋಡೆಯಲ್ಲೊಂದು ಕಪಾಟು, ಬಾಗಿಲಿಗೆ ಒಳಗಿನಿಂದ ಚಿಲಕ. ಆ ಚಿಲಕವನ್ನು ಹಾಕಿ ತೆಗೆದು, ಹಾಕಿ ತೆಗೆದು ನೋಡಿದೆ. ಅಡುಗೆಯವಳು "ಸಾಕು ಬಿಡೇ, ಕಿತ್ತು ಬಂದೀತು" ಅಂದಳು. ಇಲ್ಲಿ ಬಟ್ಟೆ ಕೋಣೆಗೆ ಚಿಲಕವೇ ಇರಲಿಲ್ಲ, ನಿನಗೆ ಗೊತ್ತಲ್ಲ. ಯಾವ ಹೊತ್ತಿಗೆ ಯಾವ ಮಗು ಚಡ್ಡಿ ಒದ್ದೆ ಮಾಡಿಕೊಂಡು ಬರುತ್ತದೋ ಎಂದು, ಮನೆ ನಡೆಸುತ್ತಿದ್ದ ಪಾದ್ರಿಗಳು ಹಾಕಿಸಲೇ ಇಲ್ಲ. ಅಂತೂ ಅರವತ್ತಾರು ತುಂಬಿದ ಮೇಲೆ ನನಗೊಂದು ಚಿಲಕ ಸಿಗುತ್ತಿದೆ.

ನಿಲಯಕ್ಕೆ ಒಂದು ನಿಯಮವಿದೆ. ಮಕ್ಕಳಿಲ್ಲದವರಿಗೆ ಮಾತ್ರ ಜಾಗ, ಮಕ್ಕಳಿದ್ದವರನ್ನು ಮಕ್ಕಳು ನೋಡಿಕೊಳ್ಳಲಿ ಎಂದು. ಅದಕ್ಕೆ ದಾಖಲೆ ಕಚೇರಿಯಿಂದ ಒಂದು ಪತ್ರ ತರಬೇಕು. ನನಗೇನು, ಮದುವೆಯೇ ಆಗಿಲ್ಲ, ಐದು ನಿಮಿಷದ ಕೆಲಸ ಎಂದುಕೊಂಡು ಹೋದೆ. ಅಲ್ಲಿಯ ಗುಮಾಸ್ತೆ ಚಿಕ್ಕ ವಯಸ್ಸಿನವಳು, ಕನ್ನಡಕವನ್ನು ಕೊರಳಿಗೆ ನೇತುಹಾಕಿಕೊಂಡಿದ್ದಳು. ನನ್ನ ಹೆಸರನ್ನೂ ನಮ್ಮಪ್ಪನ ಹೆಸರನ್ನೂ ಕಂಪ್ಯೂಟರಿಗೆ ಹೊಡೆದು, ಒಮ್ಮೆ ಪರದೆ ನೋಡಿದಳು, ಒಮ್ಮೆ ನನ್ನ ಮುಖ ನೋಡಿದಳು.

"ಅಮ್ಮಾ, ಮಕ್ಕಳಿಲ್ಲ ಅಂದ್ರಲ್ಲಾ?"

"ಇಲ್ಲಮ್ಮ."

"ಇಲ್ಲಿ ನಲವತ್ತೊಂದು ಅಂತ ತೋರಿಸ್ತಿದೆ."

"ನಲವತ್ತೊಂದಲ್ಲ ಕಣಮ್ಮ, ಅರವತ್ತಾರು. ಮೊನ್ನೆ ತಾನೇ ತುಂಬಿತು."

"ಅಯ್ಯೋ, ವಯಸ್ಸಲ್ಲ ಅಮ್ಮಾ, ಮಕ್ಕಳು!"

ಪರದೆಯನ್ನು ನನ್ನ ಕಡೆಗೆ ತಿರುಗಿಸಿದಳು. ಸಾಲಾಗಿ ಹೆಸರುಗಳು, ಎಲ್ಲ ನಮ್ಮ ಮಕ್ಕಳಮನೆಯವರದೇ. ಹನ್ನೊಂದನೆಯದು ನಿನ್ನದು, ಪಿಟೀಲು ಅಂತಲ್ಲ, ಸರಿಯಾದ ಹೆಸರು. ಎಲ್ಲರ ಎದುರಿಗೂ ತಾಯಿಯ ಹೆಸರು ಎಂಬಲ್ಲಿ ನನ್ನ ಹೆಸರು. ದಾಖಲೆಯ ಪ್ರಕಾರ ನಾನು ಮೂರು ತಿಂಗಳ ಅಂತರದಲ್ಲಿ ಇಬ್ಬರನ್ನು ಹೆತ್ತಿದ್ದೇನೆ, ಒಂದು ವರ್ಷವಂತೂ ಐದು ಜನರನ್ನು. ನನ್ನ ಹಿಂದೆ ಸಾಲಿನಲ್ಲಿ ನಿಂತಿದ್ದ ಗಂಡಸೊಬ್ಬ ಇಣುಕಿ ನೋಡಿ, ನನಗೊಂದು ಕುರ್ಚಿ ತಂದು ಹಾಕಿದ.

ಇದು ಹೇಗಾಯಿತೋ ಆಮೇಲೆ ವಿಚಾರಿಸುತ್ತೇನೆ. ಸರಿಪಡಿಸುವ ದಾರಿ ಒಂದೇ ಅಂತೆ. ಪ್ರತಿಯೊಬ್ಬರೂ "ಇವರು ನನ್ನ ತಾಯಿ ಅಲ್ಲ" ಎಂದು ಬರೆದು ಸಹಿ ಹಾಕಿ ಕೊಡಬೇಕು. ಏಪ್ರಿಲ್ ಇಪ್ಪತ್ತರೊಳಗೆ. ನೀನು ಎಲ್ಲರ ವಿಳಾಸ ಇಟ್ಟುಕೊಂಡಿದ್ದೀಯಲ್ಲ, ಒಂದು ಸುತ್ತು ಬರೆದುಬಿಡು. ಒಂದೇ ಸಾಲು ಸಾಕು. ನಿನ್ನದನ್ನು ಮೊದಲು ಕಳಿಸು.

ನಿಮ್ಮ ಕಾರ್ಖಾನೆಯಲ್ಲಿ ನೀನೇ ಗಾಜು ಉಜ್ಜಿ ಮಾಡಿ ಕಳಿಸಿದ ಕನ್ನಡಕ ಸೂಜಿ ಪೋಣಿಸುವುದಕ್ಕೆ ಬಹಳ ಚೆನ್ನಾಗಿದೆ. ನಡೆಯುವಾಗ ಮಾತ್ರ ಮೆಟ್ಟಿಲುಗಳು ಎದ್ದು ಬರುತ್ತವೆ.

ಇತಿ,
ಬಟ್ಟೆ ಕೋಣೆಯ ಅಕ್ಕ


ಫೆಬ್ರವರಿ 25

ಪಿಟೀಲೇ,

ಮೂರು ವಾರವಾಯಿತು. ಅಂಚೆಯವನು ಗೇಟಿನ ಹತ್ತಿರ ಬಂದಾಗಲೆಲ್ಲ ಕೆಳಗಿಳಿಯುತ್ತೇನೆ, ಶಾಲೆಯವರ ಕಾಗದ ಕೊಟ್ಟು ಹೋಗುತ್ತಾನೆ. ಹುಷಾರಿಲ್ಲವಾ? ಇಲ್ಲ, ಕೋಪವಾ? ನಿನ್ನ ಕೋಪ ನನಗೆ ಗೊತ್ತಿಲ್ಲವೇ, ಬಾಯಿಗೆ ಬೀಗ ಹಾಕಿಕೊಂಡು ಕೂರುವ ಜಾತಿ. ಗುಂಡಿ ಕಳೆದದ್ದಕ್ಕೆ ಬೈದೆನೆಂದು ನಾಲ್ಕು ದಿನ ಮಾತು ಬಿಟ್ಟು, ಐದನೆಯ ದಿನ ಮಹಡಿ ಹತ್ತಿ ಬಂದು "ನಾನು ನಿನ್ನ ಜೊತೆ ಮಾತು ಬಿಟ್ಟಿದ್ದೀನಿ, ಗೊತ್ತಾಯ್ತಾ ಇಲ್ವಾ?" ಎಂದು ಕೇಳಿದವಳಲ್ಲವೇ ನೀನು.

ಎಡವಟ್ಟು ಎಲ್ಲಿ ಆಯಿತೆಂದು ಪತ್ತೆ ಮಾಡಿದೆ. ಪಾದ್ರಿಗಳ ಹಳೇ ದಾಖಲೆ ಪುಸ್ತಕ ಗುಜರಿಗೆ ಹೋಗುವ ರಾಶಿಯಲ್ಲಿ ಸಿಕ್ಕಿತು. ಯಾರು ಹೆತ್ತರೋ ತಿಳಿಯದ ಮಗು ಬಂದಾಗ, ತಾಯಿ ಎಂಬ ಕಾಲಂನಲ್ಲಿ ಬೇರೆ ಕಡೆಯವರು "ಗೊತ್ತಿಲ್ಲ" ಎಂದು ಬರೆಯುತ್ತಾರೆ, ಇಲ್ಲವೇ ಒಂದು ಗೀಟು ಎಳೆಯುತ್ತಾರೆ. ನಮ್ಮ ಪಾದ್ರಿಗಳಿಗೆ ಅದು ಆಗಿಬರುತ್ತಿರಲಿಲ್ಲ. "ತಾಯಿ ಇಲ್ಲದ ಮಗು ಅಂತ ಯಾವುದೂ ಇಲ್ಲ" ಎಂದು ಹಟ ಹಿಡಿದು, ನಲವತ್ತೊಂದು ಜನಕ್ಕೂ ಒಂದೇ ಬರೆದಿದ್ದಾರೆ: "ಮೇಲಿನವಳು."

ಆರಾಧನೆಯಲ್ಲಿ ಅವರು ಮಾಡುತ್ತಿದ್ದ ಪ್ರಸಂಗ ನಿನಗೆ ನೆನಪಿರಬೇಕು. ಮೇಲೆ ಪರಲೋಕದಲ್ಲಿ ಒಂದು ಪಟ್ಟಣವಿದೆ, ಹೊಸ ಯೆರೂಸಲೇಮು. ಸುವಾರ್ತೆ ಸಾರಿದ ಅಪೊಸ್ತಲನು ಸಭೆಗೆ ಬರೆದ ಕಾಗದದಲ್ಲಿ ಆ ಪಟ್ಟಣವನ್ನೇ ನಮ್ಮೆಲ್ಲರ ತಾಯಿ ಎಂದು ಕರೆದಿದ್ದಾನೆ. ಅವಳು ಯಾರ ದಾಸಿಯೂ ಅಲ್ಲ. ಯಾವ ಭಾನುವಾರ ಎಲ್ಲಿಂದ ಶುರು ಮಾಡಿದರೂ ಸುತ್ತಿ ಬಳಸಿ ಅಲ್ಲಿಗೇ ಬರುತ್ತಿದ್ದರು. ನಾನು ಒಂದು ಸಲ ಕೇಳಿಯೇಬಿಟ್ಟೆ: "ಅಯ್ಯಾ, ಪಟ್ಟಣ ಹೇಗೆ ತಾಯಿ ಆಗುತ್ತೆ? ಕಲ್ಲು, ಗೋಡೆ, ಬೀದಿ. ಹಾಲು ಕೊಡುತ್ತಾ?" ಬೈಯುತ್ತಾರೆ ಅಂದುಕೊಂಡಿದ್ದೆ, ನಕ್ಕರು. "ನೀನು ಎಷ್ಟು ಹೊತ್ತಿಗೆ ಹೋದ್ರೂ, ಇವಳು ನಮ್ಮವಳು, ಇಲ್ಲೇ ಹುಟ್ಟಿದವಳು ಅಂತ ಒಳಗೆ ಕರ್ಕೊಳ್ಳೋ ಊರು ಒಂದಿದ್ರೆ, ಅದು ತಾಯಿ ಅಲ್ವೇನಮ್ಮ?" ಎಂದರು. ಅದರ ಬಾಗಿಲುಗಳನ್ನು ಮುಚ್ಚುವುದೇ ಇಲ್ಲವಂತೆ. ಚಳಿಗಾಲದಲ್ಲಿ ಗಾಳಿ ಬರುವುದಿಲ್ಲವೇ ಎಂದು ಕೇಳಬೇಕೆಂದಿದ್ದೆ, ಆಮೇಲೆ ಯಾಕೆ ಬೇಕು ಎಂದು ಬಿಟ್ಟೆ.

ಪಾದ್ರಿಗಳು ತೀರಿಕೊಂಡ ಮೇಲೆ ಕಚೇರಿಯವರು ಹಳೇ ಪುಸ್ತಕಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದರು. ಆಗ ಒಬ್ಬ ಗುಮಾಸ್ತ ಇಲ್ಲಿಗೇ ಬಂದು, ಗೇಟು ಕಾಯುವ ತಾತನನ್ನು ಕೇಳಿದನಂತೆ, "ಈ ಮೇಲಿನವಳು ಅಂದ್ರೆ ಯಾರ್ರೀ? ಸರಿಯಾದ ಹೆಸರು ಬೇಕು." ತಾತ ತಡ ಮಾಡಲೇ ಇಲ್ಲ. ಮಹಡಿಯ ಕಡೆ ಕೈ ತೋರಿಸಿ, "ಅದೇ, ಮೇಲಿರ್ತಾಳಲ್ಲ, ಬಟ್ಟೆ ಕೋಣೆಯವಳು" ಎಂದು ನನ್ನ ಹೆಸರು, ನಮ್ಮಪ್ಪನ ಹೆಸರು ಸಮೇತ ಬರೆಸಿದನಂತೆ. ನಿನ್ನೆ ನಾನು ಜಗಳಕ್ಕೆ ಹೋದರೆ ಮುದುಕ ಒಂಚೂರೂ ಅಳುಕಲಿಲ್ಲ. "ನಂಗೇನು ಗೊತ್ತು? ಮೇಲೆ ಇದ್ದವಳು ನೀನೊಬ್ಬಳೇ" ಅಂದ.

ಬಂಜೆಗೇನು ಗೊತ್ತು ಹೆರಿಗೆ ಬೇನೆ ಅನ್ನುತ್ತಾರೆ. ನನಗೆ ಬೇನೆಯೇ ಇಲ್ಲದೆ ನಲವತ್ತೊಂದು ಹೆರಿಗೆ ಆಗಿಹೋಗಿದೆ, ಯಾರಿಗೆ ಹೇಳಲಿ.

ಆ ಒಂದು ಸಾಲು ಬರೆದು ಕಳಿಸು ಮಾರಾಯ್ತಿ.

ಇತಿ,
ಅಕ್ಕ


ಮಾರ್ಚ್ 9

ಅಕ್ಕಾ,

ಹುಷಾರಾಗಿದ್ದೇನೆ. ಕೋಪವೂ ಇಲ್ಲ ಎಂದು ಬರೆಯಬೇಕೆಂದಿದ್ದೆ, ಆದರೆ ಇತ್ತು.

ನಿನ್ನ ಮೊದಲ ಕಾಗದವನ್ನು ನೀನು ಹೇಳಿದಂತೆ ಕೂತುಕೊಂಡೇ ಓದಿದೆ. ಊಟದ ಬಿಡುವಿನಲ್ಲಿ, ಗಾಜು ತೊಳೆಯುವ ತೊಟ್ಟಿಯ ಪಕ್ಕದ ಬೆಂಚಿನಲ್ಲಿ. ನಗು ಬರಲಿಲ್ಲ. ಮಧ್ಯಾಹ್ನ ಎರಡು ಗಾಜುಗಳನ್ನು ಅಳತೆ ಮೀರಿ ಉಜ್ಜಿ ಹಾಳು ಮಾಡಿದೆ. ಮೇಸ್ತ್ರಿ "ಬೇರೆಯವರ ಕಣ್ಣು ಸರಿ ಮಾಡೋಳು ನಿನ್ನ ಕಣ್ಣು ಎಲ್ಲಿಟ್ಟಿದ್ದೀಯಮ್ಮ?" ಎಂದು ಕೇಳಿದ.

ಈ ಕೆಲಸಕ್ಕೆ ಸೇರುವಾಗ, ನನಗೆ ಹತ್ತೊಂಬತ್ತು, ಜನನ ಪತ್ರ ಬೇಕಾಗಿತ್ತು. ಕಚೇರಿಯವರು ಕೊಟ್ಟ ಹಾಳೆಯನ್ನು ಹೊರಗಿನ ಮೆಟ್ಟಿಲ ಮೇಲೆ ನಿಂತು ಓದಿದೆ. ತಾಯಿ ಎಂಬಲ್ಲಿ ನಿನ್ನ ಹೆಸರಿತ್ತು. ಮೊದಲ ದಿನ, ನೀನೇ ನನ್ನನ್ನು ಹೆತ್ತು, ಹೇಳಿಕೊಳ್ಳಲಾಗದೆ, ನನ್ನ ಹತ್ತಿರ ಇರಬೇಕೆಂದೇ ಅಲ್ಲಿ ಬಟ್ಟೆ ಒಗೆಯುತ್ತ ಉಳಿದೆ ಎಂದುಕೊಂಡೆ. ಮಾರನೆಯ ದಿನ ಕನ್ನಡಿ ನೋಡಿ ಅದನ್ನು ಬಿಟ್ಟೆ. ನಿನ್ನ ಮೂಗೆಲ್ಲಿ, ನನ್ನ ಮೂಗೆಲ್ಲಿ. ಹಾಗಾದರೆ ನೀನಾಗಿಯೇ ಕಚೇರಿಗೆ ಹೋಗಿ, ಅಷ್ಟೂ ಮಕ್ಕಳಲ್ಲಿ ನನ್ನೊಬ್ಬಳಿಗೆ ನಿನ್ನ ಹೆಸರು ಬರೆಸಿದ್ದೀಯ ಎಂದು ತೀರ್ಮಾನ ಮಾಡಿಕೊಂಡೆ. ಇಪ್ಪತ್ತೊಂದು ವರ್ಷ ಅದನ್ನೇ ನಂಬಿದ್ದೆ.

ಯಾರಿಗೂ ಹೇಳಲಿಲ್ಲ, ಗಂಡನಿಗೂ. ಉಳಿದವರಿಗೆ ಗೊತ್ತಾದರೆ ಬೇಜಾರಾಗುತ್ತದೆ, ನಿನಗೆ ಬೈಗುಳ ಬೀಳುತ್ತದೆ ಎಂದು. ನೀನೇ ಹೇಳಲಿ ಎಂದು ಕಾದೆ. ನಿನ್ನನ್ನು ನೋಡಲು ಬಂದು ಹೊರಡುವಾಗಲೆಲ್ಲ "ಏನೋ ಹೇಳಬೇಕಿತ್ತು ಕಣೇ, ಮರೆತೆ" ಅನ್ನುತ್ತೀಯಲ್ಲ, ಅದು ಇದೇ ಇರಬೇಕು ಎಂದು ಬಸ್ಸು ತಪ್ಪಿಸಿಕೊಂಡು ಕೂತಿದ್ದೂ ಉಂಟು. ಕೊನೆಗೆ ನಿನಗೆ ನೆನಪಾಗುತ್ತಿದ್ದದ್ದು ಸಾಬೂನೋ ದಾರದ ಉಂಡೆಯೋ.

ಈಗ ನೋಡಿದರೆ ನಾನು ನಲವತ್ತೊಂದರಲ್ಲಿ ಹನ್ನೊಂದು. ಅದೂ ಗೇಟಿನ ತಾತ ಮಾಡಿದ್ದು.

ತಾತನನ್ನು ಬೈಯಬೇಡ ಮಾತ್ರ. ನಾವೆಲ್ಲ ಹಾಗೆಯೇ ಅಂದುಕೊಂಡಿದ್ದೆವು. ಪ್ರಾರ್ಥನೆ ನಡೆಯುತ್ತಿದ್ದದ್ದು ಮೆಟ್ಟಿಲ ಬುಡದಲ್ಲೇ ತಾನೇ. ಪಾದ್ರಿಗಳು ಕಣ್ಣು ಮುಚ್ಚಿಕೊಂಡು, ನಮ್ಮ ತಾಯಿ ಮೇಲಿದ್ದಾಳೆ, ಬೆಳ್ಳಗೆ ಹೊಳೆಯುವ ಬಟ್ಟೆಯೊಂದಿಗೆ ಇಳಿದು ಬರುತ್ತಾಳೆ, ಆಗ ಯಾರ ಕಣ್ಣಲ್ಲೂ ನೀರಿರುವುದಿಲ್ಲ ಅನ್ನುವ ಹೊತ್ತಿಗೆ ಸರಿಯಾಗಿ ನೀನು ಒಗೆದ ಹಾಸುಬಟ್ಟೆಗಳ ಬುಟ್ಟಿ ಸೊಂಟಕ್ಕಿಟ್ಟುಕೊಂಡು ದಡದಡ ಇಳಿಯುತ್ತಿದ್ದೆ. ಹಿಂದಿನ ಸಾಲಿನವರೆಲ್ಲ ಕತ್ತು ತಿರುಗಿಸುತ್ತಿದ್ದೆವು. ಯೆರೂಸಲೇಮು ಅನ್ನುವುದು ನಿನ್ನ ಹೆಸರೇ ಇರಬೇಕು ಎಂದು ನಾನು ಬಹಳ ದಿನ ತಿಳಿದಿದ್ದೆ. ನಮ್ಮ ತಾಯಿ ನೀನೇ ಎಂದು ಗೊತ್ತಿದ್ದೂ, ಅಮ್ಮ ಅಂದರೆ ಮಾತ್ರ ನೀನು ತಟ್ಟನೆ "ಅಕ್ಕ ಅನ್ನು" ಎಂದು ಬಾಯಿ ಮುಚ್ಚಿಸುತ್ತಿದ್ದೆ. ಅದು ಯಾಕೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಎಲ್ಲರಿಗೂ ಬರೆದಿದ್ದೇನೆ. ನನ್ನ ಸಾಲನ್ನು ಬರೆದಿಲ್ಲ. ಆ ನಿಲಯದ ಸಹವಾಸವೇ ಬೇಡ, ಇಲ್ಲಿಗೇ ಬಂದುಬಿಡು. ಹಿಂದಿನ ಕೋಣೆ ಖಾಲಿ ಇದೆ.

ಇತಿ,
ಪಿಟೀಲು


ಮಾರ್ಚ್ 16

ಪಿಟೀಲೇ,

ನಿನ್ನ ಕಾಗದ ಓದಿ ಎರಡು ದಿನ ಕೈಗೆ ಕೆಲಸ ಹತ್ತಲಿಲ್ಲ. ತಪ್ಪಾಯಿತು ಕಣೇ. ನಾನು ಮಾಡಿದ್ದಲ್ಲ, ಆದರೂ ತಪ್ಪಾಯಿತು. ನಗುವಿನ ವಿಷಯ ಎಂದುಕೊಂಡು ಬರೆದೆ, ಅದು ನಿನಗೆ ಎಲ್ಲಿ ಹೋಗಿ ಚುಚ್ಚುತ್ತದೆಂದು ಯೋಚನೆ ಮಾಡಲಿಲ್ಲ.

ಅಮ್ಮ ಎನ್ನಲು ಯಾಕೆ ಬಿಡಲಿಲ್ಲ ಎಂದು ಕೇಳಿದ್ದೀಯ. ತರಕಾರಿಯವನು ನನ್ನನ್ನು ಅಮ್ಮಾ ಅನ್ನುತ್ತಾನೆ. ಬಸ್ಸಿನವನು ಅನ್ನುತ್ತಾನೆ, ಆ ಗುಮಾಸ್ತೆ ಮಾತಿಗೊಂದು ಸಲ ಅನ್ನುತ್ತಾಳೆ. ಬೀದಿಯಲ್ಲಿ ಹೋಗುವವರೆಲ್ಲ ಅಂದರೂ ನನಗೆ ಏನೂ ಆಗುವುದಿಲ್ಲ. ನೀವು ಅಂದರೆ ಆಗುತ್ತಿತ್ತು. ನಾನು ಸೇರಿದ ಮೊದಲ ವರ್ಷ ಒಂದು ಮಗು ಅಂದಿತು, ನಾನೂ ಸುಮ್ಮನಿದ್ದೆ, ಸುಖವಾಗಿತ್ತು. ಆರು ತಿಂಗಳಿಗೆ ಗಂಡ ಹೆಂಡತಿ ಬಂದು ಅದನ್ನು ಸಾಕಿಕೊಳ್ಳಲು ಕರೆದುಕೊಂಡು ಹೋದರು. ಗೇಟಿನ ತನಕ ನನ್ನನ್ನೇ ಕೂಗುತ್ತ ಹೋಯಿತು. ಆ ಹೆಂಗಸಿನ ಮುಖ ನೋಡಲಾಗಲಿಲ್ಲ. ಆವತ್ತೇ ತೀರ್ಮಾನ ಮಾಡಿದೆ, ಮಕ್ಕಳು ಹೋದ ಕಡೆ ಅನ್ನುವುದಕ್ಕೆ ಆ ಮಾತು ಅವರ ಹತ್ತಿರ ಹಾಗೇ ಉಳಿದಿರಲಿ ಎಂದು. ನಿನ್ನನ್ನು ಯಾರೂ ಕರೆದುಕೊಂಡು ಹೋಗಲಿಲ್ಲ. ಅದು ನನಗೆ ಗೊತ್ತಾಗುವ ಹೊತ್ತಿಗೆ ನೀನು ಅಕ್ಕ ಅನ್ನುವುದಕ್ಕೆ ಒಗ್ಗಿಹೋಗಿದ್ದೆ.

ನಿನ್ನ ಮನೆಗೆ ಬರುವುದಿಲ್ಲ. ಸಿಟ್ಟಾಗಬೇಡ. ಪಾದ್ರಿಗಳು ಆ ಮೇಲಿನವಳ ಬಗ್ಗೆ ಅಷ್ಟು ಹೇಳಿದ್ದರಲ್ಲಿ ನನಗೆ ಹಿಡಿಸಿದ್ದು ಒಂದೇ, ಅವಳು ಸ್ವತಂತ್ರಳು ಅನ್ನುವುದು. ಅಪೊಸ್ತಲನು ಇಬ್ಬರು ತಾಯಂದಿರ ಕಥೆ ತೆಗೆದು, ಒಬ್ಬಳು ದಾಸಿ, ಒಬ್ಬಳು ಸ್ವತಂತ್ರಳು, ನೀವು ಸ್ವತಂತ್ರಳ ಮಕ್ಕಳು ಎಂದು ಹೇಳುತ್ತಾನಂತೆ. ನಾನು ನಲವತ್ತನಾಲ್ಕು ವರ್ಷ ಗಂಟೆ ಹೊಡೆದಾಗ ಎದ್ದವಳು. ಹೊತ್ತು ಏರುವ ತನಕ ಮಲಗಬೇಕು, ಚಿಲಕ ಹಾಕಿಕೊಂಡು, ಯಾರ ಬಟ್ಟೆಯ ಚಿಂತೆಯೂ ಇಲ್ಲದೆ. ನಿನ್ನ ಮನೆಗೆ ಬಂದರೆ ಮೂರನೆಯ ದಿನಕ್ಕೆ ನಿನ್ನ ಗಂಡನ ಅಂಗಿಯ ಸವೆದ ಕಾಲರು ಬಿಚ್ಚಿ ತಿರುಗಿಸಿ ಹೊಲಿಯುತ್ತ ಕೂತಿರುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತು.

ನನ್ನ ಮೇಲೆ ಪ್ರೀತಿ ಇದ್ದರೆ, ಅಲ್ಲ ಎಂದು ಬರೆದುಕೊಡು.

ಇತಿ,
ಅಕ್ಕ


ಏಪ್ರಿಲ್ 6

ಅಕ್ಕಾ,

ಈ ಲಕೋಟೆಯಲ್ಲಿ ನಲವತ್ತು ಕಾಗದ ಇವೆ. ಅಂಚೆಯವನು ತೂಗಿ ನೋಡಿ "ಮದುವೆ ಕರೆಯೋಲೆಗಳಾ?" ಎಂದು ಕೇಳಿದ.

ಮೊದಲು ಒಂದು ವಿಷಯ ಹೇಳಬೇಕು. ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೇನೆ, ನೀನೂ ನಗಬೇಕು. ಅವರೆಲ್ಲರಿಗೂ ಗೊತ್ತಿತ್ತಂತೆ! ಎಲ್ಲರೂ ಒಂದಲ್ಲ ಒಂದು ದಿನ ಜನನ ಪತ್ರ ತೆಗೆಸಿದವರೇ, ನಿನ್ನ ಹೆಸರು ನೋಡಿದವರೇ. ಎಲ್ಲರೂ ತಮಗೊಬ್ಬರಿಗೇ ಎಂದುಕೊಂಡು, ಬೇರೆಯವರಿಗೆ ಬೇಜಾರಾದೀತೆಂದು ಬಾಯಿ ಬಿಡದೆ ಇದ್ದವರೇ. ಲಾರಿ ಓಡಿಸುವ ಗುಂಡು ಪತ್ರವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಲಾರಿಯಲ್ಲೇ ಇಟ್ಟುಕೊಂಡಿದ್ದಾನೆ. ನಮ್ಮಲ್ಲಿ ಟೀಚರಾದವಳು "ನಿಮಗೆಲ್ಲ ಹೇಗೆ ಹೇಳುವುದೆಂದು ನನಗೆ ಬಹಳ ಸಂಕಟವಿತ್ತು" ಎಂದು ಬರೆದಿದ್ದಾಳೆ. ಅವಳಿಗಳ ಕಥೆ ಕೇಳು. ಒಂದೇ ಮನೆಯಲ್ಲಿದ್ದಾರೆ, ಒಂದೇ ಅಂಗಡಿ ನಡೆಸುತ್ತಾರೆ, ಒಬ್ಬನಿಗೆ ಗೊತ್ತಿರುವುದನ್ನು ಇನ್ನೊಬ್ಬನಿಗೆ ಹೇಳಿಲ್ಲ! ಒಟ್ಟಿಗೆ ಹುಟ್ಟಿದವರು, ಒಬ್ಬನ ತಾಯಿ ಇನ್ನೊಬ್ಬನಿಗೂ ತಾಯಿಯೇ ಆಗಬೇಕಲ್ಲ ಎಂದು ಇಬ್ಬರಿಗೂ ಹೊಳೆದಿಲ್ಲ.

ನನ್ನ ಗಂಡನಿಗೂ ಈಗ ಎಲ್ಲ ಹೇಳಿದೆ. ಅವನು "ಅಂದ್ರೆ ನಂಗೆ ಅತ್ತೆ ಇದ್ದಾರಾ ಇಲ್ವಾ? ಒಂದು ಮಾತು ಸರಿಯಾಗಿ ಹೇಳು" ಅಂದ.

ಎಲ್ಲರೂ ಸಹಿ ಹಾಕಿದ್ದಾರೆ. ನಿನಗೆ ಆ ಕೋಣೆ ಬೇಕು ಎಂದು ಬರೆದಿದ್ದೆ, ಅಷ್ಟು ಸಾಕಾಯಿತು. ಗುಂಡುವಿನದು ಕಚೇರಿಯಲ್ಲಿ ನಡೆಯುತ್ತದೋ ಇಲ್ಲವೋ. ಅವನು ಬರೆದಿರುವುದು ಹೀಗೆ: "ಇವರು ನನ್ನ ತಾಯಿ ಅಲ್ಲ ಎಂದು ಬರೆದುಕೊಡಲು ನನ್ನ ತಾಯಿ ಹೇಳಿರುವುದರಿಂದ ಬರೆದುಕೊಟ್ಟಿರುತ್ತೇನೆ." ಬದಲಾಯಿಸು ಅಂದರೆ ಒಪ್ಪಲಿಲ್ಲ.

ನನ್ನದು ಎಲ್ಲದರ ಕೆಳಗಿದೆ. ಮೂರು ಹಾಳೆ ಹಾಳಾದ ಮೇಲೆ ಬರೆದೆ. ನೀನು ಹೊತ್ತು ಏರುವ ತನಕ ಮಲಗಿರುವುದನ್ನು ನೆನೆಸಿಕೊಂಡೆ, ಆಗ ಕೈ ಓಡಿತು.

ನಲವತ್ತೊಂದನೆಯದು ಚಿಕ್ಕಿಯದು. ಜ್ವರ ಬಂದು ನಿನ್ನ ಬಟ್ಟೆ ಕೋಣೆಯಲ್ಲಿ ತೀರಿಕೊಂಡಾಗ ಅವಳಿಗೆ ನಾಲ್ಕು, ನನಗೆ ಏಳು. ಅವಳ ಹೆಸರೂ ಆ ಪಟ್ಟಿಯಲ್ಲಿದೆ. ಗುಮಾಸ್ತೆಗೆ ಫೋನು ಮಾಡಿ ಕೇಳಿದೆ. ತೀರಿಕೊಂಡವರ ವಿಷಯದಲ್ಲಿ ನೀನೇ ಬಾಯಿಬಿಟ್ಟು "ಅಲ್ಲ" ಎಂದು ಹೇಳಿ ಸಹಿ ಹಾಕಿದರೆ ಸಾಕಂತೆ.

ಇತಿ,
ಪಿಟೀಲು


ಏಪ್ರಿಲ್ 19

ಪಿಟೀಲೇ,

ನಿನ್ನೆ ಕಚೇರಿಗೆ ಹೋಗಿದ್ದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಮಧ್ಯೆ ಬಾಯಿ ಹಾಕಬೇಡ.

ಗುಮಾಸ್ತೆ ನಲವತ್ತು ಕಾಗದಗಳನ್ನೂ ಜೋಡಿಸಿಟ್ಟುಕೊಂಡಳು. ಗುಂಡುವಿನದನ್ನು ಮೂರು ಸಲ ಓದಿ, ಕನ್ನಡಕ ತೆಗೆದು ಒರೆಸಿಕೊಂಡು, "ಇರ್ಲಿ ಬಿಡಿ" ಎಂದು ಒಳಗೆ ಸೇರಿಸಿದಳು. ಒಂದೊಂದು ಹೆಸರು ಓದಿ, "ಇವರು ನಿಮ್ಮ ಮಗುವಾ?" ಎಂದು ಕೇಳುವುದು, ನಾನು "ಅಲ್ಲ" ಎಂದು ಹೇಳಿ ಎದುರಿಗೆ ಸಹಿ ಹಾಕುವುದು. ಅದು ಕ್ರಮವಂತೆ. ಮೊದಲ ನಾಲ್ಕೈದು ಕಷ್ಟವಾಯಿತು, ಆಮೇಲೆ ಗುಂಡಿ ಹಾಕಿದ ಹಾಗೆ ಕೈ ಓಡಿತು. ಹನ್ನೊಂದಕ್ಕೆ ಗಟ್ಟಿಯಾಗಿಯೇ ಅಂದೆ, ನೀನು ಅಷ್ಟು ಕಷ್ಟಪಟ್ಟು ಬರೆದುಕೊಟ್ಟಿದ್ದೀಯ ಎಂದು.

ಎಲ್ಲ ಮುಗಿದ ಮೇಲೆ ಚಿಕ್ಕಿಯ ಹೆಸರು ಓದಿದಳು. ಮನೆಯಲ್ಲಿ ನಾವು ಯಾರೂ ಅವಳನ್ನು ಆ ಹೆಸರಿನಿಂದ ಕರೆದಿರಲಿಲ್ಲವಲ್ಲ, ಒಂದು ಕ್ಷಣ ಯಾರೋ ಎಂದುಕೊಂಡೆ. "ಇವರು ನಿಮ್ಮ ಮಗುವಾ?" ಎಂದು ಕೇಳಿದಳು.

ಪೆನ್ನನ್ನು ಸಹಿಯ ಜಾಗಕ್ಕೆ ಇಟ್ಟವಳು ಮತ್ತೆ ಎತ್ತಿದೆ.

ನಿಮಗೆಲ್ಲ ನಾನು ಅಲ್ಲ ಎಂದರೆ ಏನೂ ಹೋಗುವುದಿಲ್ಲ ಕಣೇ. ನಿನಗೆ ಗಂಡ ಇದ್ದಾನೆ, ಕೆಲಸ ಇದೆ. ಟೀಚರಿಗೆ ಮೂರು ಮಕ್ಕಳು. ಗುಂಡುವಿಗೆ ಲಾರಿಯಾದರೂ ಇದೆ. ಆ ಕೂಸಿಗೆ ಈ ಲೋಕದಲ್ಲಿ ಇರುವುದು ಆ ಒಂದು ಸಾಲು. ಅದರಲ್ಲೂ ಒಂದು ಹೆಸರು ಅವಳದು, ಇನ್ನೊಂದು ನನ್ನದು. ನಾನು ಹೊಡೆದುಹಾಕಿದರೆ ಅವಳ ಎದುರಿಗೆ ಯಾರಿದ್ದಾರೆ? ಎರಡು ದಿನ ನನ್ನ ಮಡಿಲಲ್ಲಿ ಇತ್ತು ಮಗು. ಕೊನೆಗೆ ಅಮ್ಮಾ ಅಂದಿತು. ಅಕ್ಕ ಅನ್ನು ಎಂದು ತಿದ್ದಲಿಲ್ಲ ನಾನು. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

"ಹೌದು" ಅಂದೆ.

ಗುಮಾಸ್ತೆ ಮೆಲ್ಲಗೆ ಹೇಳಿದಳು, "ಅಮ್ಮಾ, ಒಂದು ಉಳಿದ್ರೂ ಮಕ್ಕಳಿದ್ದಾರೆ ಅಂತಲೇ ಲೆಕ್ಕ. ಆ ರೂಮು ಸಿಗಲ್ಲ."

"ಗೊತ್ತಮ್ಮ."

"ತೀರಿಹೋದ ಮಗು ಅಲ್ವಾ ಅಮ್ಮಾ, ಯೋಚನೆ ಮಾಡಿ."

"ಮಾಡಿದೆ. ಒಂದು ಇದ್ದ ಮೇಲೆ ನಲವತ್ತೊಂದು ಇದ್ದರೇನು? ಆ ಕಾಗದಗಳನ್ನೆಲ್ಲ ಇತ್ತ ಕೊಡು ತಾಯಿ. ಎಲ್ಲ ಮೊದಲಿನ ಹಾಗೇ ಇರಲಿ."

ಕೊಟ್ಟಳು. ಹಿಂದೆ ನಿಂತಿದ್ದವರು ಯಾರೂ ತಡವಾಯಿತೆಂದು ಗೊಣಗಲಿಲ್ಲ.

ಚಿಲಕ ಹೋಯಿತು. ಬೇಜಾರಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಸ್ಸಿನಲ್ಲಿ ಮುಖ ಕಿಟಕಿಗೆ ತಿರುಗಿಸಿಕೊಂಡು ಅತ್ತೆ, ಇಳಿಯುವ ಸ್ಟಾಪು ದಾಟಿಹೋಯಿತು. ಆದರೆ ಅಲ್ಲಿಂದ ನಡೆದುಕೊಂಡು ವಾಪಸು ಬರುವಾಗ ಮೈ ಹಗುರಾಗಿತ್ತು ಕಣೇ, ಯಾಕೋ.

ಇದನ್ನು ಓದಿ ಹಿಂದಿನ ಕೋಣೆ ಗುಡಿಸಲು ಶುರು ಮಾಡಬೇಡ. ಅಡುಗೆಯವಳು ಏನೋ ಉಪಾಯ ಮಾಡುತ್ತಿದ್ದಾಳೆ.

ಇತಿ,
ಅಕ್ಕ


ಏಪ್ರಿಲ್ 24

ಅಕ್ಕಾ,

ಬೇರೆ ರೀತಿ ಶುರು ಮಾಡಬೇಕೆಂದು ಒಂದು ಗಂಟೆ ಕೂತಿದ್ದೆ. ಕೈಗೆ ಇದೇ ಬರುತ್ತದೆ, ಇರಲಿ.

ನಿನ್ನ ಕಾಗದವನ್ನು ಎಲ್ಲರಿಗೂ ಫೋನಿನಲ್ಲಿ ಓದಿ ಹೇಳಿದೆ. ಅವಳಿಗಳು ಅಂಗಡಿ ಬಾಗಿಲು ಹಾಕಿಬಿಟ್ಟರಂತೆ. ಗುಂಡು ಇಪ್ಪತ್ತೊಂಬತ್ತಕ್ಕೆ ಲಾರಿ ತರುತ್ತೇನೆ ಅಂದ, ಅಷ್ಟೇ. ಎಲ್ಲಿಗೆ ಹೋಗಬೇಕೆಂದು ನೀನೇ ಅವನಿಗೆ ಹೇಳು. ನಾವು ಯಾರೂ ಹೇಳುವುದಿಲ್ಲ.

ಹಿಂದಿನ ಕೋಣೆಯನ್ನು ಗುಡಿಸಿಲ್ಲ. ಕಿಟಕಿ ಮಾತ್ರ ಒರೆಸಿದೆ.

ಇತಿ,
ಪಿಟೀಲು


ಮೇ 12

ಪಿಟೀಲೇ,

ವಿಳಾಸ ನೋಡಿ ಕಣ್ಣುಜ್ಜಿಕೊಳ್ಳಬೇಡ. ನಿಲಯದಿಂದಲೇ ಬರೆಯುತ್ತಿದ್ದೇನೆ. ಲಾರಿ ಇಲ್ಲಿಗೇ ಬಂತು, ನಾನೇ ಬರೆಯುವ ತನಕ ಯಾರಿಗೂ ಹೇಳಬೇಡ ಎಂದು ಗುಂಡುವಿಗೆ ಹೇಳಿದ್ದೆ.

ಅಡುಗೆಯವಳ ಉಪಾಯ ಫಲಿಸಿತು. ನಿಲಯದಲ್ಲಿ ಐವತ್ತು ಮುದುಕಿಯರು, ಅವರ ಹಾಸುಬಟ್ಟೆ ದಿಂಬಿನ ಚೀಲಗಳನ್ನು ನೋಡಿಕೊಳ್ಳುವವರು ಯಾರೂ ಇಲ್ಲ, ಒಬ್ಬರದು ಇನ್ನೊಬ್ಬರಿಗೆ ಹೋಗಿ ದಿನಾ ಜಗಳ. ಅಡುಗೆಯವಳು ಕಾರ್ಯದರ್ಶಿಯ ತಲೆ ತಿಂದು ತಿಂದು ಕೊನೆಗೆ ಅವರೇ ನನ್ನನ್ನು ಕರೆಸಿದರು. ಮಕ್ಕಳಿರಬಾರದು ಅನ್ನುವ ನಿಯಮ ಇರಲು ಬರುವವರಿಗೆ, ಕೆಲಸಕ್ಕೆ ಬರುವವರಿಗಲ್ಲವಂತೆ! ಕೆಲಸ ಬೆಳಗ್ಗೆ ಹತ್ತರಿಂದ. ಹತ್ತಕ್ಕೆ ಮುಂಚೆ ಯಾರೂ ಕರೆಯುವ ಹಾಗಿಲ್ಲ ಎಂದು ಮೊದಲೇ ಮಾತಾಡಿಕೊಂಡಿದ್ದೇನೆ.

ಕೋಣೆ ಚಿಕ್ಕದು, ಕಿಟಕಿ ಉತ್ತರಕ್ಕೆ. ಚಿಲಕ ಇದೆ. ಮೂರು ದಿನ ಜೋರಾಗಿ ಹಾಕಿಕೊಂಡು ಮಲಗಿದೆ. ಈಗ ಮಧ್ಯಾಹ್ನ ಮಾತ್ರ ಹಾಕುತ್ತೇನೆ, ಮುದುಕಿಯರು ಬಾಗಿಲು ತಟ್ಟಿ ಕೈ ನೋಯಿಸಿಕೊಳ್ಳುತ್ತಾರೆ ಪಾಪ. ಎಲ್ಲರ ಬಟ್ಟೆಗೂ ಕೆಂಪು ದಾರದಲ್ಲಿ ನಂಬರು ಹೊಲಿಯಲು ಶುರು ಮಾಡಿದ್ದೇನೆ. ಅಡುಗೆಯವಳು ದಿನಾ ರೇಗಿಸುತ್ತಾಳೆ: "ಹಡೆಯದವಳು ಹಾಡಬೇಕು, ಗಂಡ ಇದ್ದವಳಿಗಿಂತ ಅವಳಿಗೇ ಮಕ್ಕಳು ಜಾಸ್ತಿ ಅಂತ ಪಾದ್ರಿಗಳು ಹೇಳ್ತಿರಲಿಲ್ವಾ? ಎಲ್ಲಿ, ಹಾಡೇ." ನಿನ್ನೆ ಹಾಡಿದೆ. ಇನ್ನು ಕೇಳುವುದಿಲ್ಲ ಅವಳು.

ಮೊದಲ ದಿನ ಕಾರ್ಯದರ್ಶಿ ಒಂದು ಅರ್ಜಿ ತುಂಬಲು ಕೊಟ್ಟರು. ಹೆಸರು, ವಯಸ್ಸು, ಹಿಂದಿನ ಕೆಲಸ ಎಲ್ಲ ಬರೆದೆ. ಮಕ್ಕಳ ಹೆಸರು ಎಂಬಲ್ಲಿ ಎರಡು ಸಾಲು ಬಿಟ್ಟಿದ್ದರು.

"ಜಾಗ ಸಾಲಲ್ಲ, ಇನ್ನೊಂದು ಹಾಳೆ ಕೊಡಿ" ಎಂದು ಕೇಳಿದೆ.

"ಎಷ್ಟು ಮಕ್ಕಳಮ್ಮಾ ನಿಮಗೆ?"

"ನಲವತ್ತೊಂದು."

ಆಕೆ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಆಮೇಲೆ ಏನನ್ನಿಸಿತೋ, ಮೂರು ಹಾಳೆ ಕೊಟ್ಟು, "ದೊಡ್ಡವರಿಂದ ಶುರು ಮಾಡಿ, ವಯಸ್ಸಿನ ಪ್ರಕಾರ ಬರೀರಿ" ಎಂದರು.

ನಾನು ಚಿಕ್ಕಿಯಿಂದ ಶುರು ಮಾಡಿದೆ.

ಇತಿ,
ಅಕ್ಕ